ದುಡ್ಡಿಲ್ಲದ ಊರಲ್ಲಿ ಚೇಂಬರ್ ಯಾರು ತೆಗೀತಾರೆ?

ದುಡ್ಡೇ ಇಲ್ಲದ ಸಮಾಜದಲ್ಲಿ ಜನ ಕೆಲಸ ಮಾಡುತ್ತಾರೆಯೇ ಎಂಬ ಚಿಂತೆ, ತಿಂಗಳು ತಿಂಗಳು ತಪ್ಪದೆ ಪಿಂಚಣಿ ಬೀಳುವವರಿಗೇ ಜಾಸ್ತಿ. ನಮ್ಮ ಪುಟ್ಟೇನಹಳ್ಳಿ ಕೆರೆಯ ಏರಿಯ ಮೇಲೆ ವಾಕಿಂಗಿಗೆ ಬರುವ ನಿವೃತ್ತ ಬ್ಯಾಂಕ್ ಮ್ಯಾನೇಜರರೊಬ್ಬರು ಈ ಪ್ರಶ್ನೆಯನ್ನು ತಾವೇ ಎತ್ತಿ, ತಾವೇ ಉತ್ತರಿಸಿ, ತಾವೇ ತಲೆದೂಗಿ ಮುಂದಿನ ಸುತ್ತಿಗೆ ಹೊರಡುತ್ತಾರೆ. "ಯಾರ್ರೀ ಮಾಡ್ತಾರೆ? ಎಲ್ಲಾ ಹೊದ್ಕೊಂಡು ಮಲಗ್ತಾರೆ ಅಷ್ಟೇ." ಅವರು ಹೀಗೆನ್ನುವಾಗ ಅಲ್ಲೇ ನಾಲ್ಕು ಮಾರು ದೂರದಲ್ಲಿ ಒಂದಿಬ್ಬರು ಪ್ಯಾಂಟು ಮಡಚಿಕೊಂಡು, ಬಿಡಿಗಾಸಿನ ಸಂಬಳವಿಲ್ಲದೆ, ಪಾರ್ಥೇನಿಯಂ ಗಿಡ ಕೀಳುತ್ತಿರುತ್ತಾರೆ. ಮ್ಯಾನೇಜರರು ಅವರನ್ನು ಬಳಸಿಕೊಂಡು ಹೋಗುತ್ತಾರೆ. ಹೋಗುವಾಗ "ಬೇರು ಸಮೇತ ಕೀಳಿ" ಎಂದು ಸಲಹೆಯನ್ನೂ ಕೊಡುತ್ತಾರೆ. ಅದೂ ಪುಕ್ಕಟೆ.

ಪುಟ್ಟೇನಹಳ್ಳಿ ಎಂದರೆ ಯಲಹಂಕದ್ದಲ್ಲ. ಅಲ್ಲೂ ಒಂದು ಪುಟ್ಟೇನಹಳ್ಳಿ ಇದೆ, ಅಲ್ಲೂ ಕೆರೆಯಿದೆ, ಅಲ್ಲೂ ಹಕ್ಕಿಗಳಿವೆ. ನಮ್ಮದು ಜೆ.ಪಿ. ನಗರ ಏಳನೇ ಹಂತದ್ದು. ಸುಮಾರು ಹದಿಮೂರು ಎಕರೆಯ ಈ ಕೆರೆ ಒಂದು ಕಾಲಕ್ಕೆ ಕಟ್ಟಡದ ಡೆಬ್ರಿ ಸುರಿಯುವ ಜಾಗವಾಗಿತ್ತು. 2010ರಲ್ಲಿ ಲೇಖಕಿ ಉಷಾ ರಾಜಗೋಪಾಲನ್ ಮತ್ತು ನೆರೆಹೊರೆಯವರು ಸೇರಿ ಒಂದು ಟ್ರಸ್ಟ್ ಕಟ್ಟಿದರು. ಮರುವರ್ಷ ಬಿಬಿಎಂಪಿ ಕೆರೆಯ ಪಾಲನೆಯನ್ನು ಅವರ ಕೈಗೆ ಕೊಟ್ಟಿತು. ಲೇಖಕಿಯೊಬ್ಬರು ಕೆರೆ ಉಳಿಸಿದ್ದು ಊರಿಗೆ ಹೆಮ್ಮೆಯ ವಿಷಯ, ನನಗೆ ಸ್ವಲ್ಪ ಇರಿಸುಮುರಿಸಿನದು. ನಮ್ಮ ಮನೆಯಲ್ಲಿ ಈ ಮಾತು ಆಗಾಗ ಬರುತ್ತದೆ, ಅದೂ ನಾನು ಕಾಲು ಚಾಚಿ ಕೂತು ಬರೆಯುತ್ತಿರುವಾಗಲೇ.

ಈಗ ಕೆರೆಗೆ ಪಕ್ಕದ ಸೌತ್ ಸಿಟಿ ಅಪಾರ್ಟ್‌ಮೆಂಟಿನಿಂದ ಸಂಸ್ಕರಿಸಿದ ನೀರು ಬರುತ್ತದೆ. ಅಂದರೆ ಅಲ್ಲಿ ಬೆಳಿಗ್ಗೆ ಎದ್ದು ಸ್ನಾನ ಮಾಡುವವರೆಲ್ಲರೂ ತಮಗೇ ತಿಳಿಯದಂತೆ ಕೆರೆಯ ಸ್ವಯಂಸೇವಕರು. ಶವರ್ ಕೆಳಗೆ ಅರ್ಧ ಗಂಟೆ ನಿಲ್ಲುವವರ ತ್ಯಾಗವನ್ನು ಯಾರೂ ಸನ್ಮಾನಿಸಿಲ್ಲ.

ಆದರೆ ಒಂದು ತಮಾಷೆ ನೋಡಿ. ಸಂಬಳವಿಲ್ಲದೆ ದುಡಿಯುವವರು ನಡೆಸುವ ಕೆರೆಗೂ ದಿನಾ ಬಂದು ಕಸ ತೆಗೆಯುವವರು, ಗಿಡಕ್ಕೆ ನೀರು ಹಾಕುವವರು ಬೇಕು. ಅವರಿಗೆ ಸಂಬಳ ಬೇಕು. ಆ ಸಂಬಳಕ್ಕೆ ದೇಣಿಗೆ ಎತ್ತಬೇಕು, ಅದನ್ನು ಎತ್ತುವವರು ಮಾತ್ರ ಪುಕ್ಕಟೆ ದುಡಿಯಬೇಕು! ಭಾನುವಾರದ ಉತ್ಸಾಹವನ್ನು ಸೋಮವಾರ ನಂಬಿಕೊಂಡರೆ ಗಿಡ ಒಣಗುತ್ತದೆ.

ದುಡ್ಡಿಲ್ಲದ ಸಮಾಜವನ್ನು ನಾವು ಕಣ್ಣಾರೆ ಕಂಡವರೇ. 2016ರ ನವೆಂಬರ್ 8ರ ರಾತ್ರಿ 500, 1000ದ ನೋಟುಗಳು ರದ್ದಾದವು. ಚಲಾವಣೆಯ ಹಣದ ಮೌಲ್ಯದಲ್ಲಿ ಸುಮಾರು ಶೇ. 86 ಒಂದೇ ರಾತ್ರಿಗೆ ಕಾಗದವಾಯಿತು. ಎಟಿಎಂನಲ್ಲಿ ದಿನಕ್ಕೆ ಎರಡು ಸಾವಿರ ಸಿಕ್ಕರೆ ಪುಣ್ಯ. ಆಗ ಯಾರಾದರೂ ಹೊದ್ದು ಮಲಗಿದರೇ? ಸೊಪ್ಪಿನ ಗಾಡಿಯಾಕೆ ಎಂದಿನಂತೆ ಆರೂವರೆಗೇ ಬೀದಿಯಲ್ಲಿ. "ಇರ್ಲಿ ತಗೊಳ್ಳಿ ಸಾ, ಎಲ್ಲೋಗ್ತೀರಾ, ಆಮೇಲ್ ಕೊಡ್ರಂತೆ" ಎಂದು ದಂಟಿನ ಸೊಪ್ಪು, ಕೊತ್ತಂಬರಿ ಕೈಗಿಟ್ಟಳು. ನನಗೆ ಕಷ್ಟ ಶುರುವಾದದ್ದೇ ಅಲ್ಲಿಂದ. ದುಡ್ಡು ಕೊಡುವಾಗ ಆಕೆಯೊಡನೆ ಹತ್ತು ರೂಪಾಯಿಗೆ ನಾಲ್ಕು ಕಟ್ಟು ಬರಲಿಲ್ಲವೆಂದು ಧಾರಾಳವಾಗಿ ಚೌಕಾಸಿ ಮಾಡುತ್ತಿದ್ದೆ. ಸಾಲ ಹೇಳಿದ ಮೇಲೆ ಕೊಳೆತ ಎಲೆ ಕಂಡರೂ "ಪರವಾಗಿಲ್ಲಮ್ಮ" ಎನ್ನಬೇಕಾಯಿತು. ಆಕೆಯ ಮಗಳ ಸ್ಕೂಲು, ಗಂಡನ ಮಂಡಿನೋವು ಎಲ್ಲವನ್ನೂ ವಿಚಾರಿಸಬೇಕಾಯಿತು. ಎಂಟು ಕಟ್ಟು ಸೊಪ್ಪಿನ ದಾಕ್ಷಿಣ್ಯ ಎರಡು ವಾರ ಬೆನ್ನು ಬಿಡಲಿಲ್ಲ. ಈಗ ಅವಳ ಗಾಡಿಯ ಮೇಲೊಂದು ಕ್ಯೂಆರ್ ಕೋಡು, ಹಣ ಬಂತೆಂದು ಕೂಗಿ ಹೇಳುವ ಡಬ್ಬಿ. ಡಬ್ಬಿ ಕೂಗಿದ ಕೂಡಲೇ ನಮ್ಮಿಬ್ಬರ ಸಂಬಂಧ ಮುಗಿಯುತ್ತದೆ. ನಾನು ಮತ್ತೆ ನಿರಾಳವಾಗಿ ಜಗಳವಾಡುತ್ತೇನೆ.

ಹಾಗಾಗಿ ದುಡ್ಡು ಹೋದರೆ ಕೆಲಸ ನಿಲ್ಲುತ್ತದೆಂದು ನನಗೇನೂ ಭಯವಿಲ್ಲ. ನನ್ನ ಭಯ ಋಣದ್ದು. ಮಲೆನಾಡಿನ ನಮ್ಮ ಅಜ್ಜಿಯ ಮನೆಯಲ್ಲಿ ನಾಟಿಗೆ, ಅಡಕೆ ಕೊಯ್ಲಿಗೆ, ಮಳೆಗಾಲಕ್ಕೆ ಮುಂಚೆ ಮಾಡಿಗೆ ಸೋಗೆ ಹೊದಿಸುವುದಕ್ಕೆ ಮುಯ್ಯಾಳು ನಡೆಯುತ್ತಿತ್ತು. ಇವತ್ತು ಅವರು ನಮ್ಮಲ್ಲಿಗೆ, ನಾಳೆ ನಾವು ಅವರಲ್ಲಿಗೆ. ಒಂದು ಕಾಸು ಕೈ ಬದಲಾಗುವುದಿಲ್ಲ. ಕೇಳುವುದಕ್ಕೆ ರಾಮರಾಜ್ಯ! ಆದರೆ ಅಜ್ಜಿಯ ತಲೆಯೊಳಗಿನ ಖಾತೆ ಪುಸ್ತಕ ನೋಡಿದವರಿಗೆ ಗೊತ್ತು. ಒಂದು ವರ್ಷ ಕೆಳಗಿನ ಮನೆಯಿಂದ ಸೋಗೆ ಹೊದಿಸಲು ಇಬ್ಬರು ಬರಬೇಕಿತ್ತಂತೆ, ಬಂದದ್ದು ಒಂದೂವರೆ ಆಳು. ಅರ್ಧ ಎಂದರೆ ಮೀಸೆ ಮೂಡದ ಒಬ್ಬ ಹುಡುಗ. ಕೆಲಸದಲ್ಲಿ ಅರ್ಧವಾದ ಅವನು ಕಡುಬಿನ ಮುಂದೆ ಎರಡಾಳಾದನಂತೆ. ಆ ಹುಡುಗ ಬೆಳೆದು, ಮದುವೆಯಾಗಿ, ಮೊಮ್ಮಕ್ಕಳನ್ನು ಎತ್ತಿಕೊಂಡು ನಮ್ಮ ಮನೆಗೆ ಬಂದಾಗಲೂ ಅಜ್ಜಿ ಒಳಗೆ ಹೇಳಿದ್ದು: "ಅರ್ಧಾಳು ಬಂದಿದಾನೆ, ಕಾಫಿ ಇಡು." ಕೂಲಿ ಕೊಟ್ಟಿದ್ದರೆ ಅವತ್ತು ಸಂಜೆಗೇ ಲೆಕ್ಕ ಚುಕ್ತಾ ಆಗುತ್ತಿತ್ತು.

ಇಸ್ರೇಲಿನ ಹೈಫಾದಲ್ಲಿ ಕೆಲವು ಶಿಶುವಿಹಾರಗಳಲ್ಲಿ, ಮಕ್ಕಳನ್ನು ಕರೆದೊಯ್ಯಲು ತಡವಾಗಿ ಬರುವ ತಂದೆತಾಯಿಗೆ ದಂಡ ಹಾಕಿ ನೋಡಿದರು. 2000ರಲ್ಲಿ ಪ್ರಕಟವಾದ ಆ ಅಧ್ಯಯನದ ಪ್ರಕಾರ ತಡವಾಗಿ ಬರುವವರು ಹೆಚ್ಚಿದರು. ಅಲ್ಲಿಯವರೆಗೆ ಟೀಚರಮ್ಮನ ಮುಖ ನೋಡಲು ನಾಚಿ ಓಡಿ ಬರುತ್ತಿದ್ದವರು, ದಂಡ ಬಿಸಾಕಿದ ಮೇಲೆ ನಾಚಿಕೆ ಯಾಕೆಂದು ನಿಧಾನವಾಗಿ ಬಂದರು. ಸೊಪ್ಪಿನ ಡಬ್ಬಿಯ ಮಹಿಮೆ ಅಲ್ಲೂ ಅದೇ.

ಈ ಋಣದ ಲೆಕ್ಕದಲ್ಲಿ ಗೆದ್ದವಳು ಹನ್ನೆರಡನೇ ಶತಮಾನದ ಆಯ್ದಕ್ಕಿ ಲಕ್ಕಮ್ಮ ಒಬ್ಬಳೇ. ಗಂಡ ಮಾರಯ್ಯ ಬಸವಣ್ಣನ ಮಹಾಮನೆಯ ಅಂಗಳದಲ್ಲಿ ಬಿದ್ದ ಅಕ್ಕಿ ಆಯ್ದು ತರುವ ಕಾಯಕದವನು. ಒಂದು ದಿನ ಎಂದಿಗಿಂತ ಹೆಚ್ಚು ತಂದಾಗ ಲಕ್ಕಮ್ಮ, ಇಷ್ಟೇಕೆ, ವಾಪಸು ಸುರಿದು ಬಾ ಎಂದು ಕಳಿಸಿದಳೆಂದು ಕಥೆ. ನಮ್ಮ ಮನೆಯಲ್ಲಿ ಇದನ್ನು ಹೇಳಿದರೆ, ಮೊದಲು ನೀವು ತರುವುದನ್ನು ಕಲಿಯಿರಿ, ವಾಪಸು ಕಳಿಸುವ ಮಾತು ಆಮೇಲೆ ಎಂಬ ಉತ್ತರ ಬಂತು.

ಕಳೆದ ವರ್ಷ ನಮ್ಮ ಅಪಾರ್ಟ್‌ಮೆಂಟಿನ ಸಭೆಯಲ್ಲಿ ಉತ್ಸಾಹಿ ಯುವಕನೊಬ್ಬ ಒಂದು ಯೋಜನೆ ಮಂಡಿಸಿದ. ಯಾರಿಗೆ ಏನು ಬರುತ್ತದೋ ಅದನ್ನು ಉಳಿದವರಿಗೆ ದುಡ್ಡು ಮುಟ್ಟದೆ ಮಾಡಿಕೊಡುವುದು. ಲಿಫ್ಟಿನ ಪಕ್ಕ ಒಂದು ಹಾಳೆ ಅಂಟಿಸಿದರು. ಅದು ಸಂಜೆಯೊಳಗೇ ತುಂಬಿತು. ಪ್ರಾಣಾಯಾಮ, ಧ್ಯಾನ, ಕೆರಿಯರ್ ಗೈಡೆನ್ಸ್, ಜಾತಕ ನೋಡುವುದು. ಮ್ಯೂಚುವಲ್ ಫಂಡ್ ಸಲಹೆಗೆ ಇಬ್ಬರು. ದುಡ್ಡಿಲ್ಲದ ವ್ಯವಸ್ಥೆಯಲ್ಲಿ ಅದರ ಉಪಯೋಗ ಏನೆಂದು ಯಾರೂ ಕೇಳಲಿಲ್ಲ. "ಮೇಲ್ವಿಚಾರಣೆ" ಎಂದು ಬರೆದವರು ನಮ್ಮ ಬ್ಯಾಂಕ್ ಮ್ಯಾನೇಜರರು. ಅದೇ ವಾರ ನೆಲಮಹಡಿಯ ಚೇಂಬರ್ ಬ್ಲಾಕ್ ಆಗಿ ನೀರು ಕಾರ್ ಪಾರ್ಕಿಂಗಿಗೆ ನುಗ್ಗಿತು. ಧ್ಯಾನದವರು, ಜಾತಕದವರು, ಮೇಲ್ವಿಚಾರಣೆಯವರು ಎಲ್ಲ ಮೂಗು ಮುಚ್ಚಿಕೊಂಡು ಸುತ್ತ ನಿಂತೆವು. ಕೊನೆಗೆ ಫೋನ್ ಮಾಡಿ, ರೇಟು ಮಾತಾಡಿ, ಮೆಷಿನ್ ಗಾಡಿ ತರಿಸಿದೆವು.

ಹಳೆಯ ಹಳ್ಳಿಗೆ ಇಂಥ ಹಾಳೆ ಅಂಟಿಸುವ ಕಷ್ಟವಿರಲಿಲ್ಲ. ಯಾರು ಏನು ಮಾಡಬೇಕೆಂಬುದು ಹುಟ್ಟುವಾಗಲೇ ತೀರ್ಮಾನವಾಗಿತ್ತು. ಕೆರೆಯ ತೂಬು ಎತ್ತಿ ಗದ್ದೆಗೆ ನೀರು ಬಿಡುವ ನೀರಗಂಟಿ, ತೋಟಿ, ತಳವಾರ, ಅಗಸ, ಕಮ್ಮಾರ ಎಲ್ಲರಿಗೂ ಸುಗ್ಗಿಯಲ್ಲಿ ಕಣದ ಬಳಿ ಮೊರದಲ್ಲಿ ಆಯ, ಅಂದರೆ ಧಾನ್ಯದ ಪಾಲು. ನಾಣ್ಯದ ಮುಖ ಕಾಣದೆ ಊರು ನಡೆಯುತ್ತಿತ್ತು, ನಿಜ. ಆದರೆ ಸತ್ತ ದನ ಎಳೆಯುವವನಿಗೆ ನಾಳೆಯಿಂದ ನಾನು ಜಾತಕ ನೋಡುತ್ತೇನೆ ಎನ್ನುವ ಹಾಗಿರಲಿಲ್ಲ. ತಲೆಯ ಮೇಲೆ ಮಲ ಹೊರುವುದನ್ನು ನಿಲ್ಲಿಸಲು ಎಪ್ಪತ್ತರ ದಶಕದವರೆಗೆ, ಬಿ. ಬಸವಲಿಂಗಪ್ಪ ಪೌರಾಡಳಿತ ಮಂತ್ರಿಯಾಗುವವರೆಗೆ, ಕಾಯಬೇಕಾಯಿತು. ಅಂಥವರು ಬೆಂಗಳೂರಿಗೆ ಬಂದು ಕೈಗೆ ನೋಟು ಎಣಿಸಿಕೊಂಡಾಗ ಅದರಲ್ಲಿ ಗಾಂಧಿಯ ಚಿತ್ರದ ಜೊತೆ ಇನ್ನೂ ಏನೇನೋ ಕಂಡಿರಬೇಕು. ಹೊಟ್ಟೆ ತುಂಬಿದ ನಾವು ದುಡ್ಡನ್ನು ಬೈಯುವಾಗ ಸ್ವಲ್ಪ ಮೆಲ್ಲಗೆ ಬೈಯುವುದು ಒಳ್ಳೆಯದು.

ಇಷ್ಟೆಲ್ಲ ಯೋಚನೆಯಾದ ಮೇಲೆ, ಕೆಲಸ ಮಾಡುವವರನ್ನೇ ಕೇಳೋಣವೆಂದು ನಮ್ಮ ಮನೆಗೆ ಪಾತ್ರೆ ತೊಳೆಯಲು ಬರುವಾಕೆಯನ್ನು ಕೇಳಿದೆ. "ಅಲ್ಲಮ್ಮ, ನಾಳೆಯಿಂದ ದುಡ್ಡೇ ಇಲ್ಲ ಅಂದ್ಕೋ. ಅಕ್ಕಿ, ಬೇಳೆ, ಮನೆ, ಮಕ್ಕಳ ಓದು ಎಲ್ಲಾ ಪುಕ್ಕಟೆ. ಆಗ್ಲೂ ಕೆಲಸ ಮಾಡ್ತೀಯಾ?"

"ಅಯ್ಯೋ, ಸುಮ್ನೆ ಕೂರಕ್ಕಾಯ್ತದಾ ಸಾರ್? ಮಾಡ್ತೀನಿ." ಬಾಣಲೆ ಉಜ್ಜುತ್ತಲೇ ಹೇಳಿದಳು. "ಊರಲ್ಲಿ ನಮ್ಮವ್ವಂದು ಒಂದಿಷ್ಟು ಜಮೀನೈತೆ. ಹೂವಿನ ಗಿಡ ಹಾಕ್ತೀನಿ, ಎರಡು ಹಸ ಕಟ್ತೀನಿ. ನಿಮ್ಮನೆಗೆ ಮಾತ್ರ ಬರಕಿಲ್ಲ."

ಒಳಗಿನಿಂದ ಗಾಬರಿಯ ಸದ್ದು ಕೇಳಿತು. ನಾನು ಮಾತು ತಿರುಗಿಸಲು ನಕ್ಕೆ.

"ನೀವೇನ್ ಮಾಡ್ತೀರಿ ಸಾರ್ ಆವಾಗ?"

"ನಾನೇನು, ಹೀಗೇ ಬರೀತಾ ಇರ್ತೀನಿ."

ಆಕೆ ನಲ್ಲಿ ನಿಲ್ಲಿಸಿದಳು. "ಅದು ಈಗ್ಲೂ ಪುಕ್ಸಟ್ಟೇನೇ ಅಲ್ವಾ ಸಾರ್?"