ಯಾವ ಸೌಟು, ಎಷ್ಟು ಸೌಟು

ಬೀಜಾಡಿಯಲ್ಲಿ ಕಾಯಿಲೆ ಮುಚ್ಚಿಡಬಹುದು, ಪಥ್ಯ ಮುಚ್ಚಿಡಲಿಕ್ಕಾಗುವುದಿಲ್ಲ. ಮದುವೆ ಊಟದ ಪಂಕ್ತಿಯಲ್ಲಿ ಹೋಳಿಗೆ ಬಡಿಸುವವನಿಗೆ ಒಮ್ಮೆ ಅಂಗೈ ಅಡ್ಡ ಹಿಡಿದರೆ ಸಾಕು, ಕೈ ತೊಳೆಯುವ ಹೊತ್ತಿಗೆ ಸುದ್ದಿ ಕೋಟೇಶ್ವರದವರೆಗೆ ಮುಟ್ಟಿರುತ್ತದೆ. ಮರುದಿನದಿಂದ ಸಲಹೆಗಳ ಸುಗ್ಗಿ. ಮೀನಿನ ಬುಟ್ಟಿ ಇಳಿಸುವಾಕೆ ಬಂಗುಡೆಯ ಲೆಕ್ಕ ಬಿಟ್ಟು, "ಶುಗರ್ ಇತ್ತಾ? ಹಾಗಲಕಾಯಿ ರಸ ಕುಡುದ್ ಕಾಣಿ" ಎನ್ನುತ್ತಾಳೆ. ರಿಕ್ಷಾದವರು ಮೆಂತೆ ನೆನೆಸುವ ಕ್ರಮ ಹೇಳುತ್ತಾರೆ. ಆನೆಗುಡ್ಡೆಯಿಂದ ಪಂಚಕಜ್ಜಾಯ ತಂದುಕೊಟ್ಟವರು ಮಾತ್ರ, "ಪ್ರಸಾದಕ್ಕೆ ಎಂತ ಶುಗರ್!" ಎಂದು ತಮ್ಮ ಪಾಲಿನ ವಿನಾಯಿತಿ ಘೋಷಿಸಿ ಹೋಗುತ್ತಾರೆ. ಕೊಡಿ ಹಬ್ಬದ ಕಬ್ಬಿಗೂ ಇದೇ ನ್ಯಾಯ.

ಇಂಥ ಊರಿನಲ್ಲಿ ಆಹಾರದ ಬಗ್ಗೆ ಮಾತಾಡುವುದಕ್ಕೆ ಪದವಿ ಬೇಕು ಎಂದು ಯಾರಿಗೂ ಅನಿಸಿರಲಿಲ್ಲ. ಈಗ ಒಂದಲ್ಲ, ಎರಡು ಬಗೆಯ ಪರಿಣತರು ಬಂದಿದ್ದಾರೆ. ಆಸ್ಪತ್ರೆಯ ಓಣಿಯ ಕೊನೆಯ ಕೋಣೆಯಲ್ಲಿ ಕೂತಿರುವವರು ಡಯಟಿಷಿಯನ್. ಮೊಬೈಲಿನ ಪರದೆಯ ಮೇಲೆ, ಹಿಂದೊಂದು ಹಸಿರು ಗಿಡ ಇಟ್ಟುಕೊಂಡು ನಗುವವರು ಹೋಲಿಸ್ಟಿಕ್ ನ್ಯೂಟ್ರಿಷನಿಸ್ಟ್. ಇಬ್ಬರೂ ಹೇಳುವುದು ತಿನ್ನುವುದರ ಬಗ್ಗೆಯೇ ಆದ್ದರಿಂದ ಒಬ್ಬರಾದರೇನು, ಇನ್ನೊಬ್ಬರಾದರೇನು ಎಂದು ನಮ್ಮ ಭಾವ ತಿಳಿದಿದ್ದರು. ಅವರ ಕ್ರಿಯಾಟಿನಿನ್ ಏರುವವರೆಗೆ.

ಕಿಡ್ನಿಯ ಡಾಕ್ಟರು ಚೀಟಿಯ ಅಡಿಯಲ್ಲಿ ಒಂದು ಗೆರೆ ಬರೆದು ಡಯಟಿಷಿಯನ್ ಹತ್ತಿರ ಕಳಿಸಿದರು. ಅಕ್ಕ, ಭಾವ, ಚೀಲ ಹಿಡಿಯಲು ನಾನು. ಒಳಗಿದ್ದದ್ದು ನಮ್ಮ ಮಕ್ಕಳ ವಯಸ್ಸಿನ ಹುಡುಗಿ. "ನಿನ್ನೆ ಬೆಳಿಗ್ಗೆ ಎದ್ದಲ್ಲಿಂದ ರಾತ್ರಿ ಮಲಗುವವರೆಗೆ ಏನೇನು ತಿಂದಿರಿ, ಒಂದೊಂದೇ ಹೇಳಿ ಅಂಕಲ್" ಎಂದಳು. ಅದು ಆ ವಿದ್ಯೆಯ ಮೊದಲ ಪಾಠವಂತೆ, ಇಪ್ಪತ್ತನಾಲ್ಕು ಗಂಟೆಗಳ ತಿಂಡಿ ಜ್ಞಾಪಕ. ಭಾವ ಪಂಚಾಯತಿ ಲೆಕ್ಕ ಒಪ್ಪಿಸುವಷ್ಟು ಶುದ್ಧವಾಗಿ, "ಬೆಳಿಗ್ಗೆ ಗಂಜಿ, ಮಧ್ಯಾಹ್ನ ಊಟ, ರಾತ್ರಿಗೆ ಊಟ, ಅಷ್ಟೇ" ಎಂದರು. ಸಂಜೆಯ ಗೋಲಿಬಜೆ ಅಕ್ಕನ ಬಾಯಿಂದ ಹೊರಬಂತು. ಗಂಜಿಯ ಜೊತೆ ಸುಟ್ಟ ಒಣಮೀನೂ, ಮಾವಿನ ಮಿಡಿಯೂ ಅವಳೇ ಸೇರಿಸಿದ್ದು. ಮಳೆಗಾಲದಲ್ಲಿ ಜೂನ್, ಜುಲೈ ಎರಡು ತಿಂಗಳು ಯಾಂತ್ರಿಕ ದೋಣಿಗಳಿಗೆ ಕಡಲು ಬಂದ್. ಆಗ ಈ ಕರಾವಳಿ ಬದುಕುವುದೇ ಒಣಮೀನಿನ ಮೇಲೆ ಎಂದು ಭಾವ ವಾದ ಹೂಡಿದರು. ಹುಡುಗಿ ತಲೆಯಾಡಿಸಿ ಉಪ್ಪಿನ ಕಾಲಂನಲ್ಲಿ ಏನೋ ಬರೆದಳು.

"ಅನ್ನ ಎಷ್ಟು?"

"ಎರಡ್ ಸೌಟ್" ಎಂದಳು ಅಕ್ಕ. ಮತ್ತೆ ಅವಳೇ, "ಯಾವ ಸೌಟ್ ಮಗಾ? ನಮ್ಮನೆಯಲ್ಲಿ ಕರಟದ ಸೌಟ್ ಒಂದ್, ಸ್ಟೀಲಿನದ್ ಒಂದ್ ಇತ್ತ್" ಎಂದಳು.

ಹುಡುಗಿ ಮೇಜಿನ ಖಾನೆ ಎಳೆದು ಅಳತೆಯ ಲೋಟಗಳನ್ನೂ ಚಮಚಗಳನ್ನೂ ಹೊರಗಿಟ್ಟಳು. ಅಕ್ಕ ಒಂದೊಂದನ್ನೂ ಕೈಗೆತ್ತಿ, ಕಣ್ಣಳತೆಯಲ್ಲಿ ತೂಗಿ, ಕರಟದ ಸೌಟೆಂದರೆ ಇದರ ಒಂದೂವರೆ ಎಂದು ತೀರ್ಪು ಕೊಟ್ಟಳು. ಆ ದಿನದ ವೈದ್ಯಕೀಯದಲ್ಲೆಲ್ಲ ನನಗೆ ನಂಬಿಕೆ ಹುಟ್ಟಿಸಿದ ಗಳಿಗೆ ಅದು. ಅಕ್ಕನ ಅಡುಗೆಮನೆಯ ಸೌಟಿಗೂ ಲ್ಯಾಬಿನ ಮಿಲಿಗ್ರಾಮಿಗೂ ನಡುವೆ ಒಂದು ಕಾಲುಸಂಕ ಹಾಕುವುದೇ ಈ ಹುಡುಗಿಯ ಕಸುಬು ಎಂದು ಅರ್ಥವಾಯಿತು.

ಆ ಕಸುಬು ಕಲಿಯುವುದು ಸುಲಭವಲ್ಲ. ಪೋಷಣಶಾಸ್ತ್ರದಲ್ಲಿ ಪದವಿ, ಮೇಲೊಂದು ಸ್ನಾತಕೋತ್ತರ, ಆಸ್ಪತ್ರೆಯಲ್ಲಿ ತಿಂಗಳುಗಟ್ಟಲೆ ಇಂಟರ್ನ್‌ಶಿಪ್. ರಿಜಿಸ್ಟರ್ಡ್ ಡಯಟಿಷಿಯನ್ ಅನ್ನಿಸಿಕೊಳ್ಳಲು 1963ರಲ್ಲಿ ಹುಟ್ಟಿದ ಇಂಡಿಯನ್ ಡಯೆಟಿಕ್ ಅಸೋಸಿಯೇಷನ್ ನಡೆಸುವ ಪರೀಕ್ಷೆ ಬೇರೆ. ತಮಾಷೆಯೆಂದರೆ ನಮ್ಮ ಪಕ್ಕದ ಮಣಿಪಾಲದಲ್ಲಿ ಡಯೆಟಿಕ್ಸ್ ಎಂಎಸ್ಸಿಯನ್ನು ಕಲಿಸುತ್ತ ಬಂದಿರುವುದು ಹೋಟೆಲ್ ಕಾಲೇಜು. ಒಂದು ತರಗತಿಯಲ್ಲಿ ಬೆಣ್ಣೆ ಹಾಕುವುದನ್ನೂ ಇನ್ನೊಂದರಲ್ಲಿ ತೆಗೆಯುವುದನ್ನೂ ಒಂದೇ ಮಾಡಿನ ಕೆಳಗೆ ಹೇಳಿಕೊಡುತ್ತಾರೆ ಎಂದು ಭಾವನಿಗೆ ಹೇಳಿದೆ. ಅವರು ನಗಲಿಲ್ಲ. ಘೀ ರೋಸ್ಟ್ ಹುಟ್ಟಿದ ಕುಂದಾಪುರದ ಶೆಟ್ಟಿ ಲಂಚ್ ಹೋಮ್ ಎದುರು ಬಸ್ಸು ನಿಧಾನಿಸಿದಾಗ ಅವರ ಮುಖ ನೋಡಬೇಕಿತ್ತು.

ಹುಡುಗಿ ಕೊಟ್ಟ ಹಾಳೆಯಲ್ಲಿ ಅಕ್ಕನಿಗೆ ಜೀರ್ಣವಾಗದ ಮಾತು ಒಂದೇ. ತರಕಾರಿಯನ್ನು ಸಣ್ಣಗೆ ಹೆಚ್ಚಿ, ಬಹಳ ನೀರಿನಲ್ಲಿ ಬೇಯಿಸಿ, ಆ ನೀರನ್ನು ಚೆಲ್ಲಬೇಕು. "ಬಸ್ದ ನೀರಂಗೇ ಸತ್ವ ಇಪ್ಪುದಲ್ದಾ? ಅದನ್ನ್ ಚೆಲ್ಲಿ ಚಂಡಿ ತಿಂಬುದಾ?" ಎಂದು ವಾರವಿಡೀ ಗೊಣಗಿದಳು. ಎಳನೀರೂ ಕೂಡದು. ತೆಂಗಿನ ತೋಟದ ನಡುವೆ ಮನೆ ಇಟ್ಟುಕೊಂಡವರಿಗೆ ಇದು ಶಿಕ್ಷೆಯೇ ಸರಿ.

ಆಗ ಅವತರಿಸಿದ್ದು ಹೋಲಿಸ್ಟಿಕ್. ಬೆಂಗಳೂರಿನಲ್ಲಿರುವ ಸೊಸೆ ತನ್ನ ತಲೆನೋವು ಹೋಗಲಾಡಿಸಿದವರೆಂದು ಒಬ್ಬರ ನಂಬರು ಕೊಟ್ಟಳು. ವಿಡಿಯೋ ಕಾಲ್ ಮುಗಿಯುವಾಗ ಭಾವ ಹತ್ತು ವರ್ಷ ಚಿಕ್ಕವರಾಗಿದ್ದರು. "ರಾತ್ರಿ ನಿದ್ರೆ ಬತ್ತಾ ಕೇಳ್ರ್. ಮಕ್ಕಳು ದೂರ ಇದ್ದದ್ದಕ್ಕೆ ಬೇಜಾರ್ ಇತ್ತಾ ಕೇಳ್ರ್. ಇಷ್ಟ್ ವರ್ಷದಂಗೆ ಯಾವ ಡಾಕ್ಟ್ರೂ ಕೇಳಲಿಲ್ಲೆ ಮಾರಾಯಾ!" ಎಂದು ನನ್ನೆದುರು ಹಾಡಿ ಹೊಗಳಿದರು. ನನಗೂ ಒಳಗೊಳಗೇ ಹೌದೆನಿಸಿತು. ಆಸ್ಪತ್ರೆಯ ಹುಡುಗಿಗೆ ಬಾಗಿಲ ಹೊರಗೆ ಬೆಂಚು ತುಂಬ ಜನ. ಅವಳು ಪೊಟ್ಯಾಸಿಯಂ ವಿಚಾರಿಸುವುದೋ, ದುಬೈಯಲ್ಲಿರುವ ಮಗನನ್ನೋ? ಮನುಷ್ಯನನ್ನು ಇಡಿಯಾಗಿ ನೋಡಬೇಕು, ನಿದ್ದೆ, ಚಿಂತೆ, ನಡಿಗೆ, ಜೊತೆಯಲ್ಲಿ ಉಣ್ಣುವವರು ಎಲ್ಲ ಸೇರಿದರೇ ಆಹಾರ ಎನ್ನುವುದು ಹೋಲಿಸ್ಟಿಕ್‌ನವರ ಮೂಲಮಂತ್ರ. ಮಂತ್ರದಲ್ಲಿ ತಪ್ಪಿಲ್ಲ. ಕೇಳುವ ವ್ಯವಧಾನವೇ ಅರ್ಧ ಮದ್ದು ಎಂಬುದು ಹಳ್ಳಿಯ ಪಂಡಿತರಿಗೆಲ್ಲ ಗೊತ್ತಿದ್ದ ಗುಟ್ಟು.

ಬಳಿಕ ವಾಟ್ಸಾಪಿನಲ್ಲಿ ಪಟ್ಟಿ ಬಂತು. ಚಿಯಾ ಬೀಜ, ಆಪಲ್ ಸೈಡರ್ ವಿನೆಗರ್, ಗಾಣದ ಎಣ್ಣೆ. ದೇಹದ ಕಲ್ಮಶ ತೊಳೆಯಲು ಬೆಳಿಗ್ಗೆ ಖಾಲಿಹೊಟ್ಟೆಗೆ ಎಳನೀರು. ಸೊಪ್ಪು ಬೇಯಿಸಿದ ನೀರನ್ನು ಎಸೆಯಬಾರದು, ಸೂಪು ಮಾಡಿ ಕುಡಿಯಬೇಕು.

ಅಕ್ಕ ಎರಡೂ ಪಟ್ಟಿಗಳನ್ನು ಅಡುಗೆಮನೆಯ ಕ್ಯಾಲೆಂಡರಿನ ಮೊಳೆಗೇ ಸಿಕ್ಕಿಸಿ, ಕನ್ನಡಕ ಏರಿಸಿ ಓದಿ, "ಹ್ವಾಯ್, ಒಬ್ರ್ ಚೆಲ್ಲಿ ಅಂದದ್ದನ್ನೇ ಇನ್ನೊಬ್ರ್ ಕುಡಿಯುಕೆ ಹೇಳ್ತ್ರಲೆ!" ಎಂದಳು.

ಇಡೀ ವ್ಯತ್ಯಾಸ ಆ ಒಂದು ಪಾತ್ರೆ ನೀರಿನಲ್ಲಿದೆ. ತರಕಾರಿಯ ಬಿ ಗುಂಪಿನ ವಿಟಮಿನ್‌ಗಳೂ ಸಿ ವಿಟಮಿನ್ನೂ ನೀರಿಗೆ ಇಳಿಯುತ್ತವೆ. ನನ್ನಂಥ ನೆಟ್ಟಗಿರುವವನು ಆ ನೀರನ್ನು ಸಾರಿಗೆ ಹಾಕಿಕೊಂಡರೆ ಒಳ್ಳೆಯದೇ. ಆದರೆ ಪೊಟ್ಯಾಸಿಯಂ ಕೂಡ ಅದೇ ನೀರಿಗೆ ಇಳಿಯುತ್ತದೆ. ಸೋತ ಕಿಡ್ನಿ ಅದನ್ನು ಹೊರಹಾಕಲಾರದು, ರಕ್ತದಲ್ಲಿ ಏರಿದರೆ ಹೃದಯದ ಬಡಿತವೇ ತಾಳ ತಪ್ಪುತ್ತದೆ. ಒಂದು ಲೋಟ ಎಳನೀರಿನಲ್ಲಿ ಸುಮಾರು 600 ಮಿಲಿಗ್ರಾಂ ಪೊಟ್ಯಾಸಿಯಂ ಇರುತ್ತದೆ. ಬಿಸಿಲಿನಲ್ಲಿ ಕೈರಂಪಣಿ ಎಳೆದು ಬಂದವನಿಗೆ ಅದು ಅಮೃತ. ಭಾವನ ರಿಪೋರ್ಟಿನಲ್ಲಿ ಪೊಟ್ಯಾಸಿಯಂ ಆಗಲೇ 5ರ ಗಡಿ ದಾಟಿತ್ತು. ಡಯಟಿಷಿಯನ್ ಆ ರಿಪೋರ್ಟನ್ನು ಮೊದಲು ಬಿಡಿಸಿ, ಆಮೇಲೆ ಬಾಯಿ ತೆರೆದಿದ್ದಳು. ಪರದೆಯ ಮೇಲಿನವರು ನಿದ್ದೆ ಕೇಳಿದರು, ಬೇಸರ ಕೇಳಿದರು, ರಿಪೋರ್ಟು ಕೇಳಲಿಲ್ಲ. ಇಡಿಯಾಗಿ ನೋಡುವವರ ಲೆಕ್ಕದಲ್ಲಿ ಕಿಡ್ನಿ ಬಿಟ್ಟುಹೋದದ್ದು ವಿಚಿತ್ರವೇ.

ಹೋಲಿಸ್ಟಿಕ್ ಎಂದು ಬೋರ್ಡು ಹಾಕಿದವರೆಲ್ಲ ಹೀಗೆ ಎನ್ನಲಾರೆ. ಪೋಷಣೆಯಲ್ಲೇ ಪದವಿ ಪಡೆದು, ಅದರ ಮೇಲೆ ಈ ದೃಷ್ಟಿ ಬೆಳೆಸಿಕೊಂಡವರೂ ಇದ್ದಾರೆ. ಆದರೆ ವರ್ಷಗಟ್ಟಲೆ ಓದಿದವರೂ ಕೆಲವು ವಾರಗಳ ಆನ್‌ಲೈನ್ ಕೋರ್ಸು ಮುಗಿಸಿದವರೂ ಒಂದೇ ಬಿರುದು ಧರಿಸಬಹುದು ಎಂಬುದೇ ತೊಡಕು. ಕೆನಡಾದ ಒಂಟಾರಿಯೊದಲ್ಲಿ ಡಯಟಿಷಿಯನ್ ಎಂಬ ಹೆಸರಿಗೆ ಕಾಯ್ದೆಯ ಕಾವಲಿದೆ, ನೋಂದಣಿ ಇಲ್ಲದವರು ಹಾಗೆಂದು ಹೇಳಿಕೊಳ್ಳುವಂತಿಲ್ಲ. ನ್ಯೂಟ್ರಿಷನಿಸ್ಟ್ ಎಂಬುದಕ್ಕೆ ಅಲ್ಲಿ ಅಂಥ ಬೇಲಿಯಿಲ್ಲ. ನಮ್ಮಲ್ಲಿ 2021ರಲ್ಲಿ ಸಂಸತ್ತು ಆರೋಗ್ಯದ ಪೂರಕ ವೃತ್ತಿಗಳಿಗೆಂದು ರಾಷ್ಟ್ರೀಯ ಆಯೋಗದ ಕಾಯ್ದೆ ಮಾಡಿತು. ಅದರ ಅನುಸೂಚಿಯಲ್ಲಿ ಡಯಟಿಷಿಯನ್ನೂ ಇದ್ದಾರೆ, ನ್ಯೂಟ್ರಿಷನಿಸ್ಟೂ ಇದ್ದಾರೆ. ಹೋಲಿಸ್ಟಿಕ್ ಎಂಬ ವಿಶೇಷಣ ಮಾತ್ರ ಇನ್ನೂ ಬೇಲಿಯ ಹೊರಗೆ ಸ್ವಚ್ಛಂದವಾಗಿ ಮೇಯುತ್ತಿದೆ.

ಇವರನ್ನು ಪ್ರಕೃತಿ ಚಿಕಿತ್ಸೆಯವರ ಜೊತೆ ಕಲಸುವುದೂ ಸರಿಯಲ್ಲ. ಉಜಿರೆಯಲ್ಲಿ 1989ರಿಂದ ಅದಕ್ಕೆ ಕಾಲೇಜಿದೆ, ಇಂಟರ್ನ್‌ಶಿಪ್ ಸೇರಿ ಐದೂವರೆ ವರ್ಷದ ಓದು. ಉಡುಪಿಯಾಚೆಯ ಪರೀಕದ ಸೌಖ್ಯವನಕ್ಕೆ ಹೋಗಿ, ಹೊಟ್ಟೆಗೆ ಮಣ್ಣಿನ ಪಟ್ಟಿ ಕಟ್ಟಿಸಿಕೊಂಡು, ಹಸಿ ತರಕಾರಿ ತಿಂದು ತೆಳ್ಳಗಾಗಿ ಬಂದ ನಮ್ಮೂರಿನವರಿದ್ದಾರೆ. ಬಂದ ವಾರವೇ ಕೋಳಿಸಾರು, ರೊಟ್ಟಿ ಎಂದು ಮೊದಲಿನ ಗಾತ್ರಕ್ಕೆ ಮರಳಿದವರೂ ಅವರೇ. ಅದಕ್ಕೆ ಸೌಖ್ಯವನ ಹೊಣೆಯಲ್ಲ.

ಡಯಟಿಷಿಯನ್ನರ ಮೇಲೂ ನನ್ನದೊಂದು ತಕರಾರಿದೆ. ಅವರ ವಿದ್ಯೆ ಒಳ್ಳೆಯದು, ಅಚ್ಚು ಹಾಕಿದ ಹಾಳೆ ಕೆಟ್ಟದ್ದು. ಇನ್ನೊಂದು ಕಡೆ ನನ್ನ ಗೆಳೆಯರೊಬ್ಬರಿಗೆ ಹೃದಯಕ್ಕೆಂದು ಕೊಟ್ಟ ಹಾಳೆಯಲ್ಲಿ ಓಟ್ಸ್, ಬ್ರೊಕೊಲಿ, ವಾರಕ್ಕೆರಡು ಸಲ ಸಾಲ್ಮನ್ ಮೀನು ಎಂದಿತ್ತು. ಕಡಲಿಗೆ ಕೂಗಳತೆಯಲ್ಲಿ ಮನೆ ಇರುವ ಮನುಷ್ಯ ಸಾಲ್ಮನ್ ಹುಡುಕಿಕೊಂಡು ನಾರ್ವೆಗೆ ಹೋಗಬೇಕೇ? ಆ ಮೀನಿನಲ್ಲಿ ಇದೆ ಎಂದು ಕೊಂಡಾಡುವ ಒಮೆಗಾ-3 ಕೊಬ್ಬು ಬೂತಾಯಿಯಲ್ಲೂ ಬಂಗುಡೆಯಲ್ಲೂ ಧಾರಾಳವಾಗಿದೆ, ಬುಟ್ಟಿಯಲ್ಲಿ ಕೂತು ಅಂಗಳಕ್ಕೇ ಬರುತ್ತದೆ. ಗೊತ್ತಿಲ್ಲ ಎನ್ನಲು ನೆಪವೂ ಇಲ್ಲ. ಹೈದರಾಬಾದಿನ ರಾಷ್ಟ್ರೀಯ ಪೋಷಣ ಸಂಸ್ಥೆ 2017ರಲ್ಲಿ ನಮ್ಮ ದೇಶದ 528 ಆಹಾರಗಳನ್ನು ಪರೀಕ್ಷಿಸಿ ಸತ್ವದ ಪಟ್ಟಿ ಅಚ್ಚು ಹಾಕಿದೆ, ಕಡಲ ಮೀನುಗಳೂ ಅದರಲ್ಲಿವೆ.

ಆ ಸಂಸ್ಥೆಯ ಹುಟ್ಟಿಗೂ ನಮ್ಮ ಬಟ್ಟಲಿಗೂ ನಂಟಿದೆ. 1918ರಲ್ಲಿ ಕೂನೂರಿನಲ್ಲಿ ರಾಬರ್ಟ್ ಮೆಕ್‌ಕ್ಯಾರಿಸನ್ ಎಂಬ ವೈದ್ಯರು ಬೆರಿಬೆರಿ ರೋಗ ವಿಚಾರಿಸಲು ಒಂದು ಕೋಣೆಯಲ್ಲಿ ಶುರುಮಾಡಿದ್ದು, 1958ರಲ್ಲಿ ಹೈದರಾಬಾದಿಗೆ ಹೋಯಿತು. ಪಾಲಿಶ್ ಮಾಡಿದ ಬೆಳ್ತಿಗೆ ಅಕ್ಕಿಯನ್ನೇ ನೆಚ್ಚಿದವರನ್ನು ಕಾಡುತ್ತಿದ್ದ ರೋಗ ಅದು. ಆಂಧ್ರದ ಉತ್ತರ ಕರಾವಳಿಯಲ್ಲಿ ಬಹಳ ಇತ್ತು. ಭತ್ತವನ್ನು ನೆನೆಸಿ ಬೇಯಿಸುವಾಗ ತೌಡಿನಲ್ಲಿದ್ದ ಬಿ1 ವಿಟಮಿನ್ ಕಾಳಿನ ಒಳಕ್ಕೆ ಇಳಿಯುತ್ತದೆ, ಆಮೇಲೆ ಮಿಲ್ಲಿನಲ್ಲಿ ಎಷ್ಟು ತೀಡಿದರೂ ಒಂದಿಷ್ಟು ಉಳಿಯುತ್ತದೆ. ಹಾಗಾಗಿ ಕುಚ್ಚಲಕ್ಕಿ ಉಣ್ಣುವವರಿಗೆ ಬೆರಿಬೆರಿಯ ಕಾಟ ಕಡಿಮೆ. ನಮ್ಮ ಅಮ್ಮಮ್ಮನಿಗೆ ಬಿ1 ಎಂದರೆ ಬಸ್ಸಿನ ನಂಬರು ಎನಿಸುತ್ತಿತ್ತೇನೋ. ಆದರೂ ಅಂಗಳದ ಹಂಡೆಯಲ್ಲಿ ಭತ್ತ ಬೇಯಿಸುವಾಗ ಅವರು ಮಾಡುತ್ತಿದ್ದದ್ದು ಅದನ್ನೇ. ಇದನ್ನು ಕೇಳಿ ನಮ್ಮ ಹಿರಿಯರಿಗೆ ಎಲ್ಲವೂ ತಿಳಿದಿತ್ತು ಎಂದು ಯಾರೂ ಎದೆ ಉಬ್ಬಿಸಬೇಕಾಗಿಲ್ಲ. ಅದೇ ಅಮ್ಮಮ್ಮ ಜ್ವರ ಬಂದ ಮಕ್ಕಳಿಗೆ ನೀರು ಕೊಡುತ್ತಿರಲಿಲ್ಲ.

ಕೊನೆಗೆ ಭಾವನ ಮನೆಯಲ್ಲಿ ಒಪ್ಪಂದವೊಂದು ಆಯಿತು. ಪಾತ್ರೆ, ಸೌಟು, ಉಪ್ಪು, ನೀರು ಇವೆಲ್ಲ ಆಸ್ಪತ್ರೆಯ ಹುಡುಗಿಯ ಹಾಳೆಯಂತೆ. ರಾತ್ರಿ ಬೇಗ ಉಣ್ಣುವುದು, ಸಂಜೆ ಕಡಲ ಕರೆಯಲ್ಲಿ ನಡೆಯುವುದು, ಮಗನಿಗೆ ದಿನಾ ಫೋನು ಇವು ಪರದೆಯವರ ಪಟ್ಟಿಯಂತೆ. ಚಿಯಾ ಬೀಜದ ಪೊಟ್ಟಣವನ್ನು ಅಕ್ಕ ಹಿತ್ತಲಲ್ಲಿ ಬಿತ್ತಿದ್ದಾಳೆ, ಇನ್ನೂ ಹುಟ್ಟಿಲ್ಲ. ಮುಂದಿನ ಸಲ ಹೋದಾಗ ಆಸ್ಪತ್ರೆಯ ಹುಡುಗಿ ಒಣಮೀನನ್ನು ಪೂರ್ತಿ ಹೊಡೆದುಹಾಕಿ, ಅದರ ಬದಲು ತಾಜಾ ಮೀನಿನ ಒಂದು ತುಂಡಿಗೆ ಒಪ್ಪಿದಳು. ತುಂಡು ಎಷ್ಟು ದೊಡ್ಡದು ಎಂದು ಅಕ್ಕ ಕೇಳಿಯೇ ಬಿಟ್ಟಳು.

ಆದ್ದರಿಂದ, ಮೈಯಲ್ಲಿ ಕಾಯಿಲೆ ಇಲ್ಲದವರು ಯಾರ ಮಾತಾದರೂ ಕೇಳಿ, ಕಳೆದುಕೊಳ್ಳುವುದು ಚಿಯಾ ಬೀಜದ ದುಡ್ಡು ಅಷ್ಟೇ. ಸಕ್ಕರೆ, ಕಿಡ್ನಿ, ಲಿವರ್, ಹೃದಯ ಎಂದು ಡಾಕ್ಟರು ಹೆಸರು ಹಿಡಿದು ಹೇಳಿದವರು ಮೊದಲು ಡಯಟಿಷಿಯನ್ ಹತ್ತಿರ ಹೋಗಿ. ಎದುರಿಗೆ ಕೂತವರು ಯಾರೇ ಇರಲಿ, ಏನು ಓದಿದ್ದೀರಿ, ಎಲ್ಲಿ ನೋಂದಣಿ ಎಂದು ಸಂಕೋಚವಿಲ್ಲದೆ ಕೇಳಿ. ಇತ್ತೀಚಿನ ರಕ್ತದ ರಿಪೋರ್ಟು ನೋಡದೆ ಪಟ್ಟಿ ಬರೆಯುವವರಿಂದಲೂ, ಪಟ್ಟಿಯ ಕೊನೆಯಲ್ಲಿ ತಮ್ಮದೇ ಡಬ್ಬಿಯ ಪುಡಿ ಮಾರುವವರಿಂದಲೂ ಎದ್ದು ಬನ್ನಿ. ಹೋಗುವಾಗ ರಿಪೋರ್ಟು, ಮದ್ದಿನ ಚೀಟಿ, ಮನೆಯ ಸೌಟು ಮೂರೂ ಚೀಲದಲ್ಲಿರಲಿ. ಸಾಧ್ಯವಾದರೆ ಅಡುಗೆ ಮಾಡುವವರನ್ನೂ ಕರೆದುಕೊಂಡು ಹೋಗಿ, ಗೋಲಿಬಜೆಯ ವಿಷಯ ನೀವಾಗಿ ಹೇಳುವುದಿಲ್ಲ.