ಹನ್ನೆರಡರಲ್ಲಿ ಐದು ಕಳೆದರೆ

ಸಂಬಳದ ಹಂಗಿಲ್ಲದೆ, ಊಟ-ವಸತಿಗೆ ಸಾಲುವಷ್ಟು ಭತ್ಯೆ ಪಡೆದು, ಕಂಡರಿಯದ ಊರಿನ ಮಕ್ಕಳಿಗೆ ಪಾಠ ಹೇಳಲು ಹೋಗಿ ಆ ಮಕ್ಕಳಿಂದಲೇ ಪಾಠ ಹೇಳಿಸಿಕೊಂಡು ಬರುವವರಿಗೆ ಸ್ವಯಂಸೇವಕ ಶಿಕ್ಷಕರು ಎಂದು ಹೆಸರು. ಇಂಥವರನ್ನು ಹೊರದೇಶಗಳಿಗೆ ಕಳಿಸುವ ಏರ್ಪಾಡು ಬ್ರಿಟನ್ನಿನಲ್ಲಿ 1958ರಲ್ಲಿ, ಅಮೆರಿಕದಲ್ಲಿ 1961ರಲ್ಲಿ ಶುರುವಾಯಿತು. ಉಷ್ಣವಲಯದ ದ್ವೀಪಗಳಿಗೆ ಹೋಗಲು ಇವರಿಗೆ ತುಸು ಹೆಚ್ಚೇ ಉತ್ಸಾಹ. ತೆಂಗಿನ ಮರ, ನೀಲಿ ಕಡಲು ಇರುವ ಕ್ಯಾಲೆಂಡರನ್ನು ಎಲ್ಲರೂ ನೋಡಿರುತ್ತಾರೆ. ಕ್ಯಾಲೆಂಡರಿನಲ್ಲಿ ಸೊಳ್ಳೆ ಇರುವುದಿಲ್ಲ.

ಉದಾಹರಣೆಗೆ ವನುವಾಟು ಒಂದೇ ಸಾಕು. ಪೆಸಿಫಿಕ್ ಸಾಗರದಲ್ಲಿ, ಆಸ್ಟ್ರೇಲಿಯಾದ ಪೂರ್ವಕ್ಕೆ, ಅಕ್ಕಿ ಚೆಲ್ಲಿದಂತೆ ಬಿದ್ದಿರುವ ಸುಮಾರು 80 ದ್ವೀಪಗಳ ದೇಶ. ಜನ 3 ಲಕ್ಷದ ಆಸುಪಾಸು, ಭಾಷೆಗಳು ನೂರಕ್ಕೂ ಮಿಕ್ಕು. 1906ರಿಂದ 1980ರವರೆಗೆ ಬ್ರಿಟಿಷರೂ ಫ್ರೆಂಚರೂ ಇದನ್ನು ಜಂಟಿಯಾಗಿ ಆಳಿದ್ದರಿಂದ ಆಗ ಪೊಲೀಸರೂ ಎರಡು ಬಗೆ, ಶಾಲೆಗಳೂ ಎರಡು ಬಗೆ. ಈ ಗೊಂದಲದ ನಡುವೆ ಒಬ್ಬರ ಮಾತು ಇನ್ನೊಬ್ಬರಿಗೆ ತಲುಪಿಸುವುದು ಬಿಸ್ಲಾಮಾ ಎಂಬ ಭಾಷೆ. ಅದರ ಪದಗಳಲ್ಲಿ ಹೆಚ್ಚಿನವು ಇಂಗ್ಲಿಷಿನಿಂದ ಬಂದವು. ಎಡವಟ್ಟು ಶುರುವಾಗುವುದೇ ಇಲ್ಲಿ, ಏಕೆಂದರೆ ಮೇಷ್ಟ್ರು ಆ ಭಾಷೆ ತಮಗೆ ಆಗಲೇ ಬರುತ್ತದೆ ಎಂದುಕೊಳ್ಳುತ್ತಾರೆ. ಊರವರು ಪ್ರೀತಿಯಿಂದ ಕಟ್ಟಿಕೊಟ್ಟ ಗುಡಿಸಲನ್ನು ನೋಡಿ ‘ಎಂಥಾ ಚೆಂದದ ಸ್ಮಾಲ್ ಹೌಸ್’ ಎಂದು ಹೊಗಳಿದರೆ ಹೆಂಗಸರು ಬಾಯಿಗೆ ಕೈ ಅಡ್ಡ ಹಿಡಿಯುತ್ತಾರೆ. ಬಿಸ್ಲಾಮಾದಲ್ಲಿ ‘ಸ್ಮೋಲ್ ಹೌಸ್’ ಎಂದರೆ ಕಕ್ಕಸು.

ಊಟದ ವಿಷಯದಲ್ಲಿ ದೂರಿಲ್ಲ. ಗೆಣಸು, ಬಾಳೆಕಾಯಿಗಳನ್ನು ತುರಿದು, ತೆಂಗಿನ ಹಾಲು ಸೇರಿಸಿ, ಎಲೆಯಲ್ಲಿ ಸುತ್ತಿ, ಕಾದ ಕಲ್ಲುಗಳ ಮೇಲೆ ಬೇಯಿಸಿದ್ದು ಲಾಪ್‌ಲಾಪ್. ಪತ್ರೊಡೆ ತಿಂದವರಿಗೆ ಇದು ಹೊಸದೇನಲ್ಲ. ಸಂಜೆ ಗಂಡಸರು ಸೇರುವ ನಕಮಾಲ್‌ನಲ್ಲಿ ಕಾವಾ. ಮೆಣಸು, ವೀಳ್ಯದೆಲೆಗಳ ಕುಲಕ್ಕೇ ಸೇರಿದ ಈ ಗಿಡದ ಬೇರನ್ನು ಜಜ್ಜಿ, ನೀರಿನಲ್ಲಿ ಹಿಂಡಿ, ಕರಟದಲ್ಲಿ ಕೊಡುತ್ತಾರೆ. ಬಣ್ಣ ಗದ್ದೆ ನೀರಿನದು, ರುಚಿಯೂ ಹೆಚ್ಚುಕಡಿಮೆ ಅದೇ. ಒಂದೇ ಬಾರಿಗೆ ಗಟಗಟ ಇಳಿಸಿ ಉಗುಳಬೇಕು. ಮೇಷ್ಟ್ರು ಕಾಫಿಯಂತೆ ಗುಟುಕು ಗುಟುಕಾಗಿ ಹೀರಿ, ಆಮೇಲೆ ಎದ್ದುನಿಂತು ವಂದನಾರ್ಪಣೆಗೆ ಬಾಯಿ ತೆರೆದರೆ ತುಟಿಯೇ ಸಿಗುವುದಿಲ್ಲ, ಜೋಮು ಹಿಡಿದಿರುತ್ತದೆ.

ಇವೆಲ್ಲ ಹೊರಗಿನ ಮಾತು. ಅಸಲು ಪ್ರಸಂಗ ತರಗತಿಯದು.

ಮೊದಲ ದಿನ ಮೇಷ್ಟ್ರು ಹಲಗೆಯ ಮೇಲೆ ಕಳೆಯುವ ಲೆಕ್ಕ ಬರೆಯುತ್ತಾರೆ: 12ರಲ್ಲಿ 5 ಕಳೆದರೆ 7. ‘ಅರ್ಥವಾಯಿತೇ?’ ಎಂದು ಕೇಳುತ್ತಾರೆ. ಮಕ್ಕಳು ತುಟಿ ಬಿಚ್ಚುವುದಿಲ್ಲ. ಎಲ್ಲರ ಹುಬ್ಬುಗಳೂ ಒಮ್ಮೆ ಮೇಲೇರಿ ಇಳಿಯುತ್ತವೆ. ಅದನ್ನು ಮೇಷ್ಟ್ರು ಬೆರಗೆಂದು ತಿಳಿದು ನಿಧಾನವಾಗಿ ಮತ್ತೊಮ್ಮೆ ವಿವರಿಸುತ್ತಾರೆ. ಮತ್ತೆ ಹುಬ್ಬು. ಹಲಗೆಯ ಮೇಲೆ ಹನ್ನೆರಡು ತೆಂಗಿನಕಾಯಿ ಬಿಡಿಸಿ ಐದನ್ನು ಅಳಿಸುತ್ತಾರೆ. ಮತ್ತೆ ಹುಬ್ಬು. ಮರುದಿನ ನಿಜವಾದ ತೆಂಗಿನಕಾಯಿಗಳನ್ನೇ ಹೊತ್ತು ತಂದು ಮೇಜಿನ ಮೇಲೆ ಸಾಲಾಗಿ ಇಟ್ಟು, ಒಂದೊಂದನ್ನೇ ಎತ್ತಿ ನೆಲಕ್ಕಿಳಿಸುತ್ತಾರೆ. ಐದನೆಯದು ಉರುಳಿ ಬಾಗಿಲು ದಾಟಿ ಹೋಗುತ್ತದೆ. ಹುಡುಗನೊಬ್ಬ ಅದನ್ನು ಹಿಡಿದು ತಂದು ಕೈಗಿಟ್ಟು, ಮುಖ ನೋಡಿ, ಕರುಣೆಯಿಂದ ಹುಬ್ಬೇರಿಸುತ್ತಾನೆ. ಮೂರನೆಯ ದಿನವೂ 12ರಲ್ಲಿ 5. ನಾಲ್ಕನೆಯ ದಿನ ಪಕ್ಕದ ಕೋಣೆಯ ಸ್ಥಳೀಯ ಮೇಷ್ಟ್ರು ಮೆಲ್ಲನೆ ಬಂದು, ಹೊಸ ಮೇಷ್ಟ್ರಿಗೆ ಐದರಿಂದ ಮುಂದೆ ಬರುವುದಿಲ್ಲವೇ ಎಂದು ಮಕ್ಕಳು ಮನೆಯಲ್ಲಿ ಕೇಳುತ್ತಿದ್ದಾರೆ ಎನ್ನುತ್ತಾರೆ. ‘ಹಾಗಾದರೆ ಅವರಿಗೆ ಅರ್ಥವಾಗಿದೆಯೇ?’ ಎಂದು ಇವರು ಕೇಳಿದರೆ, ಅವರು ಉತ್ತರವಾಗಿ ಹುಬ್ಬೇರಿಸುತ್ತಾರೆ.

ಪೆಸಿಫಿಕ್‌ನ ಬಹಳಷ್ಟು ದ್ವೀಪಗಳಲ್ಲಿ ಹುಬ್ಬೇರಿಸಿದರೆ ‘ಹೌದು’ ಎಂದರ್ಥ. ಹೌದೋ ಅಲ್ಲವೋ ಗೊತ್ತಾಗದ ಹಾಗೆ ತಲೆ ಅಲ್ಲಾಡಿಸುವ ನಾವು ಇದಕ್ಕೆ ನಗುವ ಹಾಗಿಲ್ಲ.

ರೋಗಕ್ಕಿಂತ ಮದ್ದೇ ದುಬಾರಿ. ಗುಟ್ಟು ತಿಳಿದ ಸಂಭ್ರಮದಲ್ಲಿ ಮೇಷ್ಟ್ರು ಕೇಳಿದ್ದಕ್ಕೆಲ್ಲ ಹುಬ್ಬೇರಿಸುತ್ತಾರೆ. ವಾರ ಕಳೆಯುವುದರಲ್ಲಿ ಅವರ ಟಾರ್ಚ್ ಒಬ್ಬರ ಮನೆ ಸೇರಿರುತ್ತದೆ, ಭಾನುವಾರ ಚರ್ಚಿನಲ್ಲಿ ಅವರ ಭಾಷಣ ನಿಗದಿಯಾಗಿರುತ್ತದೆ.

ಕ್ರೂಸ್ ಹಡಗಿನಲ್ಲಿ ಬಂದು, ಅರ್ಧ ದಿನ ಇದ್ದು, ಮಕ್ಕಳಿಗೆ ಮಿಠಾಯಿ ಹಂಚಿ ಫೋಟೊ ತೆಗೆದುಕೊಂಡು ಹೋಗುವವರ ಬಗ್ಗೆ ಇಲ್ಲಿ ಬರೆಯುವುದು ದಂಡ. ಬರೆಯಬೇಕಾದ್ದು ಪಕ್ಕದ ಕೋಣೆಯ ಆ ಮೇಷ್ಟ್ರ ಬಗ್ಗೆ. 2015ರ ಮಾರ್ಚ್‌ನಲ್ಲಿ ಪಾಮ್ ಚಂಡಮಾರುತ ಬೀಸಿದಾಗ ಎಷ್ಟೋ ಶಾಲೆಗಳ ಸೂರು ಹಾರಿಹೋಯಿತು. ಅಂಥ ಹೊತ್ತಿನಲ್ಲಿ ಸ್ವಯಂಸೇವಕರನ್ನು ಸುರಕ್ಷಿತ ಜಾಗಕ್ಕೆ ಕರೆಸಿಕೊಳ್ಳುತ್ತಾರೆ. ಸ್ಥಳೀಯ ಮೇಷ್ಟ್ರನ್ನು ಯಾರೂ ಎಲ್ಲಿಗೂ ಕರೆಸಿಕೊಳ್ಳುವುದಿಲ್ಲ, ಅವರ ಮನೆ ಇರುವುದೂ ಅಲ್ಲೇ. ಗಾಳಿ ನಿಂತ ಮೇಲೆ ಹಲಗೆ ಹುಡುಕಿ ತರುವವರೂ ಅವರೇ.

ಸ್ವಯಂಸೇವಕರ ಅವಧಿ ಸಾಮಾನ್ಯವಾಗಿ ಎರಡು ವರ್ಷ. ಅಷ್ಟು ಹೊತ್ತಿಗೆ ಅವರಿಗೆ ಕಾವಾ ಕುಡಿಯಲು, ತೆಂಗಿನ ಮರದ ಬುಡ ಬಿಟ್ಟು ಕೂರಲು, ಹುಬ್ಬನ್ನು ಹತೋಟಿಯಲ್ಲಿಡಲು ಬಂದಿರುತ್ತದೆ. ಅಂದರೆ ಊರಿನ ಆರು ವರ್ಷದ ಮಗುವಿನಷ್ಟು ತಿಳಿವಳಿಕೆ. ಆಗ ಹೊರಡಬೇಕು. ಪುಟ್ಟ ವಿಮಾನ ಇಳಿಯುವ ಹುಲ್ಲುಬಯಲಿಗೆ ಮಕ್ಕಳೆಲ್ಲ ಬಂದು ಕೈಬೀಸಿ ‘ಅಲೆ, ಟಾಟಾ’ ಎನ್ನುತ್ತಾರೆ. ‘ಅಲೆ’ ಫ್ರೆಂಚರು ಬಿಟ್ಟುಹೋದ ಮಾತು, ‘ಸರಿ ಮತ್ತೆ’ ಎಂದ ಹಾಗೆ. ಎರಡನೆಯದನ್ನು ಕನ್ನಡದ ಓದುಗರಿಗೆ ಬಿಡಿಸಿ ಹೇಳಬೇಕಾಗಿಲ್ಲ.