ಡೀಲರ್ ಪರೀಕ್ಷಾ ಪ್ರಕರಣ

ಹೊಸ ಗಾಡಿ ಕೊಳ್ಳಹೊರಟವನು ಮೊದಲು ಗಾಡಿಯನ್ನು ಪರೀಕ್ಷಿಸಬೇಕೋ, ಅದನ್ನು ಮಾರುವವನನ್ನೋ? ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ತಾಲೂಕುಗಳ ವಿದ್ವತ್ ವಲಯಗಳಲ್ಲಿ, ಅಂದರೆ ಮದುವೆಯೂಟದ ಪಂಕ್ತಿ, ಸೊಸೈಟಿಯ ಜಗಲಿ ಮತ್ತು ಬಯಲಾಟದ ಚರುಮುರಿ ಗಾಡಿಯ ಬಳಿ, ಈ ಪ್ರಶ್ನೆ ಬಹುಕಾಲದಿಂದ ಚರ್ಚೆಯಲ್ಲಿದೆ. ಶಾಸ್ತ್ರರೂಪದ ಗ್ರಂಥ ಮಾತ್ರ ಬಂದಿಲ್ಲ. ಆ ಕೊರತೆ ನೀಗಿಸಲು ಈ ಪ್ರಕರಣ ಹೊರಟಿದೆ. ಶಾಸ್ತ್ರಾರಂಭದಲ್ಲಿ ಅನುಬಂಧ ಚತುಷ್ಟಯ ಹೇಳುವುದು ವಾಡಿಕೆ. ಅಧಿಕಾರಿ: ಅಡಿಕೆ ಮಾರಿದ ದುಡ್ಡು ಖಾತೆಗೆ ಬಿದ್ದವನು. ವಿಷಯ: ನಂಬಬಹುದಾದ ಡೀಲರ್. ಸಂಬಂಧ: ಹೆಂಡತಿಯ ಅಣ್ಣನ ಷಡ್ಡಕ ಆ ಶೋರೂಮಿನಲ್ಲಿ ಕೆಲಸಕ್ಕಿದ್ದಾನೆ. ಪ್ರಯೋಜನ: ರಾತ್ರಿಯ ನಿದ್ದೆ.

ಗಾಡಿ ಎಂದರೆ ಯಾವುದು ಎಂಬುದನ್ನೂ ಮೊದಲೇ ನಿರ್ಣಯಿಸಬೇಕು. ಪಾಶ್ಚಾತ್ಯರಲ್ಲಿ ಮಂಚ, ಒಲೆ, ಶೌಚಾಲಯ ಸಮೇತ ಒಂದು ಮನೆಯನ್ನೇ ಕಾರಿನ ಹಿಂದೆ ಕೊಂಡಿ ಹಾಕಿ ಎಳೆದುಕೊಂಡು ಹೋಗುವ ಟ್ರಾವೆಲ್ ಟ್ರೈಲರ್ ಎಂಬುದುಂಟು. ನಮ್ಮ ಮೂರು ತಾಲೂಕುಗಳಲ್ಲಿ ಟ್ರೈಲರ್ ಎಂದರೆ ಪವರ್ ಟಿಲ್ಲರಿನ ಹಿಂದಿನದು. ಅದರಲ್ಲಿ ಸಂಚರಿಸುವುದು ಗೊಬ್ಬರ, ಸೋಗೆ ಮತ್ತು ತೆಂಗಿನಕಾಯಿ. ಮಲಗುವ ಮನೆಯನ್ನು ಎಳೆದೊಯ್ಯುವ ಪದ್ಧತಿ ಇಲ್ಲಿ ಬೇರು ಬಿಡದಿರಲು ಪಂಡಿತರು ಎರಡು ಕಾರಣ ಕೊಡುತ್ತಾರೆ. ಚಾರ್ಮಾಡಿ ಘಾಟಿಯ ತಿರುವಿನಲ್ಲಿ ಕಾರು ಕೊಟ್ಟಿಗೆಹಾರದ ಕಡೆ ಮುಖ ಮಾಡಿದಾಗ ಹಿಂದಿನ ಮನೆ ಉಜಿರೆಯ ಕಡೆ ಮುಖ ಮಾಡಿರುತ್ತದೆ. ಅದಕ್ಕಿಂತ ಗಂಭೀರವಾದದ್ದು, ದಾರಿಬದಿಯಲ್ಲಿ ಗಾಡಿಯೊಳಗೆ ಮಲಗಿದ ಸುದ್ದಿ ತಿಳಿದರೆ ಆ ಊರಿನ ಚಿಕ್ಕಮ್ಮ ಮುಂದಿನ ಕೋಲಕ್ಕೆ ಕರೆಯುವುದಿಲ್ಲ. ಆದ್ದರಿಂದ ನಮ್ಮಲ್ಲಿ ಪ್ರಯಾಣದ ಮನೆ ಎಂದರೆ ಏಳು ಸೀಟಿನ ಕಾರು. ಅದರಲ್ಲಿ ಹನ್ನೊಂದು ಜನ, ಒಂದು ಹಲಸಿನಕಾಯಿ.

ಇನ್ನು ಇತಿಹಾಸ. ಬಂಟ್ವಾಳಕ್ಕೆ ನಡುವಿನವನು ಹೊಸಬನಲ್ಲ. ಘಟ್ಟದ ಮೇಲಿನ ಸರಕು ಎತ್ತಿನ ಗಾಡಿಗಳಲ್ಲಿ ಚಾರ್ಮಾಡಿ ಇಳಿದು ಬಂಟ್ವಾಳಕ್ಕೆ ಬಂದು, ಇಲ್ಲಿ ದೋಣಿ ಹತ್ತಿ ನೇತ್ರಾವತಿಯಲ್ಲಿ ಮಂಗಳೂರಿಗೆ ತೇಲುತ್ತಿತ್ತು. ಗಾಡಿಯವನಿಗೂ ದೋಣಿಯವನಿಗೂ ಮಧ್ಯೆ ನಿಂತು ಇಬ್ಬರಿಗೂ "ನಾನಿದ್ದೇನಲ್ಲ" ಎಂದವನೇ ಇಂದಿನ ಡೀಲರಿನ ಮೂಲಪುರುಷ ಎಂಬುದು ನಮ್ಮ ಪ್ರತಿಪಾದನೆ. 1914ರಲ್ಲಿ ಮಂಗಳೂರಿನಲ್ಲಿ ಸಿ.ಪಿ.ಸಿ. ಬಸ್ ಕಂಪೆನಿ ಹುಟ್ಟಿ, ಮೋಟಾರು ಬೆಳೆದು, ದೋಣಿ ಹಿಂದೆ ಸರಿಯಿತು. ನಡುವಿನವನು ಸರಿಯಲಿಲ್ಲ, ಟೈ ಕಟ್ಟಿಕೊಂಡು ಗಾಜಿನ ಬಾಗಿಲಿನ ಹಿಂದೆ ನಿಂತ. ಅಂಬಾಸಡರ್, ಪದ್ಮಿನಿಗಳ ಕಾಲದಲ್ಲಿ ದುಡ್ಡು ಕಟ್ಟಿ ವರ್ಷಗಟ್ಟಲೆ ಕಾಯಬೇಕಿದ್ದುದರಿಂದ ಡೀಲರ್ ನಂಬಿಗಸ್ಥನೇ ಎಂಬ ಪ್ರಶ್ನೆಯೇ ಏಳುತ್ತಿರಲಿಲ್ಲ. ಗಿರಾಕಿ ನಂಬಿಗಸ್ಥನೇ ಎಂದು ಡೀಲರನೇ ಕೇಳುತ್ತಿದ್ದ. ಧರ್ಮಸ್ಥಳದ ಕಾರು ಸಂಗ್ರಹಾಲಯದಲ್ಲಿ ಸಾಲಾಗಿ ನಿಂತ ಹಳೆಯ ಗಾಡಿಗಳು ಈ ಬಗ್ಗೆ ಸಾಕ್ಷಿ ಹೇಳಬಹುದಿತ್ತು, ಆದರೆ ಅವು ಸಜ್ಜನರ ಹಾಗೆ ಸುಮ್ಮನಿವೆ.

ಈಗ ಮುಖ್ಯ ವಿಷಯಕ್ಕೆ ಬರೋಣ. ನೈಯಾಯಿಕರು ಪ್ರತ್ಯಕ್ಷ, ಅನುಮಾನ, ಉಪಮಾನ, ಶಬ್ದ ಎಂಬ ನಾಲ್ಕು ಪ್ರಮಾಣಗಳನ್ನು ಒಪ್ಪುತ್ತಾರೆ. ಭಾಟ್ಟ ಮೀಮಾಂಸಕರು ಅರ್ಥಾಪತ್ತಿ, ಅನುಪಲಬ್ಧಿ ಎಂಬ ಇನ್ನೆರಡನ್ನು ಸೇರಿಸುತ್ತಾರೆ. ಮೊದಲ ನಾಲ್ಕನ್ನು ಮಾತ್ರ ಹಿಡಿದು ಶೋರೂಮಿಗೆ ಹೋದವರು ಮ್ಯಾಟು, ಸೀಟ್ ಕವರು ಹಿಡಿದು ಹೊರಬರುತ್ತಾರೆ. ಕೊನೆಯ ಎರಡನ್ನು ಬಲ್ಲವರೇ ದುಡ್ಡು ಉಳಿಸಿಕೊಂಡವರು ಎಂಬುದು ಈ ಪ್ರಕರಣದ ಪ್ರತಿಜ್ಞೆ.

ಪ್ರತ್ಯಕ್ಷದಲ್ಲಿ ಕಾಣುವುದು ಎ.ಸಿ., ಸೋಫಾ, ಕಾಫಿ, ಗೋಡೆಯ ಮೇಲೆ ದೇವರ ಪಟ. ಪಟದ ಗಾತ್ರದಿಂದ ಹ್ಯಾಂಡ್ಲಿಂಗ್ ಚಾರ್ಜಿನ ಗಾತ್ರವನ್ನು ಊಹಿಸಲು ಕೆಲವರು ಯತ್ನಿಸಿದ್ದುಂಟು, ಆದರೆ ಅವೆರಡಕ್ಕೂ ವ್ಯಾಪ್ತಿಸಂಬಂಧ ಸಿದ್ಧವಾಗಿಲ್ಲ. ಉಪಮಾನ ಎಂದರೆ ಪಕ್ಕದ ಮನೆಯವರಿಗೆ ಸಿಕ್ಕಿದ ಡಿಸ್ಕೌಂಟು. ಅದು ಕೇಳುವವರನ್ನು ನೋಡಿಕೊಂಡು ಹೆಚ್ಚುಕಡಿಮೆ ಆಗುವುದರಿಂದ ತ್ಯಾಜ್ಯ.

ಶಬ್ದಪ್ರಮಾಣವನ್ನು ಅಷ್ಟು ಸುಲಭವಾಗಿ ಬಿಡುವಂತಿಲ್ಲ, ಏಕೆಂದರೆ ನಮ್ಮ ಕಡೆ ವ್ಯಾಪಾರವೆಲ್ಲ ನಡೆಯುವುದು ಆಪ್ತವಾಕ್ಯದ ಮೇಲೆ. "ಅಲ್ಲಿ ನಮ್ಮವರು ಉಂಟು ಮಾರಾಯ್ರೆ, ನಾನೊಂದು ಫೋನು ಮಾಡ್ತೇನೆ" ಎಂಬ ಮಹಾವಾಕ್ಯ ಬಿ.ಸಿ. ರೋಡಿನಿಂದ ಗುರುವಾಯನಕೆರೆಯವರೆಗೆ ಯಾವ ಕ್ಯಾಂಟೀನಿನಲ್ಲಿ ಕೂತರೂ ಕೇಳುತ್ತದೆ. ಫೋನು ಹೋಗುವುದೂ ನಿಜ. ಫಲವಾಗಿ ಡ್ಯಾಶ್‌ಬೋರ್ಡಿಗೆ ಒಂದು ಗಣಪತಿ ಹೆಚ್ಚಿಗೆ ಬರುತ್ತದೆ. ಅದಕ್ಕಿಂತ ಮುಖ್ಯವಾದ ಫಲ ಇನ್ನೊಂದಿದೆ: ನಡುವೆ ನಮ್ಮವರು ಬಂದ ಮೇಲೆ ಬಿಲ್ಲಿನ ಸಾಲುಗಳನ್ನು ಬಿಡಿಸಿ ಕೇಳಲು ಗಿರಾಕಿಗೆ ನಾಚಿಕೆಯಾಗುತ್ತದೆ. ಪರಿಚಯ ಡೀಲರನನ್ನು ಕಟ್ಟಿಹಾಕುತ್ತದೆ ಎಂದು ನಾವು ನಂಬಿದ್ದೇವೆ. ಕಟ್ಟಿಹಾಕಿಸಿಕೊಂಡವನು ಯಾರು ಎಂಬುದು ಮನೆಗೆ ಬಂದು ಕಾಗದ ಬಿಚ್ಚಿದಾಗ ತಿಳಿಯುತ್ತದೆ.

ಬೆಳ್ತಂಗಡಿ ಪಂಥದವರು ಶಬ್ದದಲ್ಲೇ ಒಂದು ವಿಶೇಷ ಪ್ರಭೇದವನ್ನು ಮುಂದಿಡುತ್ತಾರೆ: ಆಣೆ. ಆಕ್ಷೇಪಿಸುವಂತಿಲ್ಲ. ಧರ್ಮಸ್ಥಳದಲ್ಲಿ ಹೆಗ್ಗಡೆಯವರ ಎದುರು ಹೊಯಿಲು ಕೊಟ್ಟು ವ್ಯಾಜ್ಯ ತೀರಿಸಿಕೊಳ್ಳುವ ಪದ್ಧತಿ ಇರುವ ತಾಲೂಕಿದು. "ಹಾಗಾದರೆ ಕ್ಷೇತ್ರಕ್ಕೆ ಬಾ, ಆಣೆ ಮಾಡು" ಎಂದರೆ ಎಂಥ ಗಟ್ಟಿಗನೂ ಲೆಕ್ಕವನ್ನು ಇನ್ನೊಮ್ಮೆ ಕೂಡಿ ನೋಡುತ್ತಾನೆ. ಶೋರೂಮಿನ ಹುಡುಗನೂ "ದೇವರಾಣೆ ಸರ್, ಇದಕ್ಕಿಂತ ಒಂದು ರೂಪಾಯಿ ಕಡಿಮೆ ಆಗುವುದಿಲ್ಲ" ಎನ್ನುತ್ತಾನೆ. ಆದರೆ ಸೂಕ್ಷ್ಮವಾಗಿ ಗಮನಿಸಿ, ಯಾವ ದೇವರೆಂದು ಹೇಳುವುದಿಲ್ಲ. ಕ್ಷೇತ್ರದ ಹೆಸರೆತ್ತಿ ಹೇಳು ಎಂದರೆ "ಮ್ಯಾನೇಜರರನ್ನು ಕೇಳಿ ಬರುತ್ತೇನೆ" ಎಂದು ಒಳಗೆ ಹೋಗುತ್ತಾನೆ. ಹೊರಗೆ ಬಂದಾಗ ಬೆಲೆ ಇಳಿದಿರುತ್ತದೆ. ಈ ವಿದ್ಯಮಾನ ನಮ್ಮ ಮಟ್ಟಿಗೆ ಶಬ್ದಪ್ರಮಾಣದ ಬಲವನ್ನೂ ಮಿತಿಯನ್ನೂ ಒಟ್ಟಿಗೇ ತೋರಿಸುತ್ತದೆ.

ಮೂಡುಬಿದಿರೆ ಪಂಥದವರು ಆಣೆಯ ಗೋಜಿಗೆ ಹೋಗದೆ ಕೊಟೇಶನ್ ಸಂಗ್ರಹಿಸುತ್ತಾರೆ. ಸಾವಿರ ಕಂಬದ ಬಸದಿಯಲ್ಲಿ ಒಂದು ಕಂಬದಂತೆ ಇನ್ನೊಂದಿಲ್ಲ ಎಂದು ಹೇಳಿಕೇಳಿ ಬೆಳೆದವರಿಗೆ, ಒಂದೇ ಮಾದರಿಯ ಕಾರಿಗೆ ಒಂದೇ ದಿನ ಮೂರು ಕಡೆ ಮೂರು ಮೊತ್ತ ಬಂದರೆ ಆಶ್ಚರ್ಯವಾಗುವುದಿಲ್ಲ. ಮೂರನ್ನೂ ಎದುರಿಗಿಟ್ಟರೆ ಎಕ್ಸ್-ಶೋರೂಮ್ ಬೆಲೆ ಸಾಮಾನ್ಯವಾಗಿ ಒಂದೇ. ವೈವಿಧ್ಯವೆಲ್ಲ ಅದರ ಕೆಳಗಿನ ಸಾಲುಗಳಲ್ಲಿ. ಅಲ್ಲಿಗೆ ಅರ್ಥಾಪತ್ತಿ ಬೇಕಾಗುತ್ತದೆ.

ಅರ್ಥಾಪತ್ತಿಗೆ ಮೀಮಾಂಸಕರ ಉದಾಹರಣೆ ಪ್ರಸಿದ್ಧ. ದೇವದತ್ತ ದಪ್ಪಗಿದ್ದಾನೆ, ಹಗಲು ಉಣ್ಣುವುದಿಲ್ಲ; ಆದ್ದರಿಂದ ರಾತ್ರಿ ಉಣ್ಣುತ್ತಾನೆ. ಹಾಗೆಯೇ, ಡೀಲರ್ ಬೆಲೆಯಲ್ಲಿ ಹತ್ತು ಸಾವಿರ ಬಿಟ್ಟಿದ್ದಾನೆ, ಮ್ಯಾಟು ಬಿಟ್ಟಿ ಕೊಟ್ಟಿದ್ದಾನೆ, ಕಾಫಿಯನ್ನೂ ಕುಡಿಸಿದ್ದಾನೆ, ಆದರೂ ದಪ್ಪಗಿದ್ದಾನೆ. ಆದ್ದರಿಂದ ರಾತ್ರಿ ಎಲ್ಲೋ ಉಣ್ಣುತ್ತಿದ್ದಾನೆ. ಎಲ್ಲಿ? ಹೆಚ್ಚಾಗಿ ವಿಮೆಯ ಸಾಲಿನಲ್ಲಿ. 2018ರ ಸೆಪ್ಟೆಂಬರಿನಿಂದ ಹೊಸ ಕಾರಿಗೆ ಮೂರು ವರ್ಷದ ಥರ್ಡ್ ಪಾರ್ಟಿ ವಿಮೆ ಕಡ್ಡಾಯ. ಅದರ ದರ ಸರ್ಕಾರ ನಿಗದಿ ಮಾಡಿದ್ದು, ಎಲ್ಲಿ ಕೊಂಡರೂ ಒಂದೇ. ಏರುಪೇರಾಗುವುದು ಗಾಡಿಯ ಸ್ವಂತ ಹಾನಿಯ ಭಾಗ. ವಿಮೆಯನ್ನು ಡೀಲರನಿಂದಲೇ ಮಾಡಿಸಬೇಕೆಂಬ ಕಾನೂನಿಲ್ಲ. ಈ ಮಾತನ್ನು ಶೋರೂಮಿನಲ್ಲಿ ಮೆಲ್ಲಗೆ ಹೇಳಿ ನೋಡಿ. ದೇವದತ್ತನ ಮುಖ ಬಾಡಿದರೆ ಅರ್ಥಾಪತ್ತಿ ಸಿದ್ಧವಾಯಿತು.

ಇನ್ನೊಂದು ಊಟದ ಜಾಗ "ಆರ್‌ಟಿಒ ಮತ್ತು ಇತರೆ" ಎಂಬ ಒಂಟಿ ಸಾಲು. ಕರ್ನಾಟಕದಲ್ಲಿ ಕಾರಿನ ಜೀವಾವಧಿ ತೆರಿಗೆ ಬೆಲೆಯ ಪ್ರಕಾರ ಏರುತ್ತದೆ: ಐದರಿಂದ ಹತ್ತು ಲಕ್ಷದ ಗಾಡಿಗೆ ಶೇ. 14, ಹತ್ತು ದಾಟಿದರೆ ಶೇ. 17, ಇಪ್ಪತ್ತು ದಾಟಿದರೆ ಶೇ. 18, ಅದರ ಮೇಲೆ ಸೆಸ್. ಹತ್ತು ಲಕ್ಷ ದಾಟಿದ ಗಾಡಿಗೆ ಶೇ. 1ರಷ್ಟು ಟಿಸಿಎಸ್ ಬೇರೆ, ಅದನ್ನು ಆದಾಯ ತೆರಿಗೆಯಲ್ಲಿ ಸರಿಹೊಂದಿಸಿಕೊಳ್ಳಬಹುದು. ಇಷ್ಟು ಗುಣಾಕಾರ ಅಡಿಕೆ ಮಾರುವವನಿಗೆ ಕಷ್ಟವಲ್ಲ. ಗುಣಿಸಿ ಉಳಿದದ್ದೇ "ಇತರೆ". ಎಚ್‌ಎಸ್‌ಆರ್‌ಪಿ ನಂಬರ್ ಪ್ಲೇಟಿಗೆ ಬೇರೆ ದುಡ್ಡು ಎಂದು ಯಾರಾದರೂ ಹೇಳಿದರೆ, 2019ರ ಏಪ್ರಿಲ್ 1ರ ನಂತರ ತಯಾರಾದ ಗಾಡಿಗೆ ಅದನ್ನು ಕಂಪೆನಿಯೇ ಒದಗಿಸಬೇಕೆಂಬ ನಿಯಮವನ್ನು ನೆನಪಿಸಬಹುದು. (ಬಂಟ್ವಾಳಕ್ಕೆ ತನ್ನದೇ ಕೆಎ 70 ಬಂದ ಮೇಲೂ ಕೆಎ 19ಕ್ಕೇ ಹಂಬಲಿಸುವ ಒಂದು ಪಂಥವಿದೆ. ಅದು ಭಕ್ತಿಯ ವಿಷಯ, ತರ್ಕಕ್ಕೆ ನಿಲುಕದ್ದು.)

ಕಾಲವಿಚಾರವನ್ನೂ ಶಾಸ್ತ್ರ ಬಿಡುವಂತಿಲ್ಲ. ಆಟಿಯಲ್ಲಿ ತುಳುನಾಡಿನವರು ಶುಭಕಾರ್ಯ ಮಾಡುವುದಿಲ್ಲ, ಹೊಸ ಗಾಡಿ ಮನೆಗೆ ತರುವುದಿಲ್ಲ. ಆದ್ದರಿಂದ ಡೀಲರ್ ಅತ್ಯಂತ ವಿನಯಶೀಲನಾಗಿರುವ ತಿಂಗಳೂ ಅದೇ. ಬುಕ್ಕಿಂಗನ್ನು ಆಟಿಯಲ್ಲಿ ಮಾಡಿ ಡೆಲಿವರಿಯನ್ನು ಸೋಣಕ್ಕೆ ಹಾಕಿಸಿಕೊಂಡರೆ ದೈವವೂ ಮುನಿಯದು, ಡಿಸ್ಕೌಂಟೂ ತಪ್ಪದು ಎಂದು ಬಲ್ಲವರ ಮತ. ಆಯುಧಪೂಜೆಯ ದಿನ ಮಾತ್ರ ಬೇಡ. ಅಂದು ಸಾಲಾಗಿ ನಿಂತ ಗಾಡಿಗಳಿಗೆ ಕುಂಬಳಕಾಯಿ ಒಡೆಯುವ ಅವಸರದಲ್ಲಿ ಡೆಲಿವರಿಪೂರ್ವ ತಪಾಸಣೆ ನಿಂಬೆಹಣ್ಣಿನ ಜೊತೆ ಚಕ್ರದಡಿಗೆ ಹೋಗುತ್ತದೆ.

ಗಾಡಿ ಹೊಸದೇ ಎಂಬುದಕ್ಕೂ ಪ್ರಮಾಣ ಬೇಕು. 17 ಅಕ್ಷರ-ಅಂಕಿಗಳ ಚಾಸಿಸ್ ನಂಬರಿನಲ್ಲಿ ತಯಾರಿಯ ವರ್ಷ ಅಡಗಿರುತ್ತದೆ. ಫಾರ್ಮ್ 22ರಲ್ಲೂ ತಯಾರಿಯ ವಿವರ ಇರುತ್ತದೆ. ಇದು ಗಾಡಿಯ ಜಾತಕ. ಪೂರ್ತಿ ದುಡ್ಡು ಕಟ್ಟುವ ಮೊದಲೇ ಜಾತಕ ಕೇಳಬೇಕು. ತಾಳಿ ಕಟ್ಟಿದ ಮೇಲೆ ಕೇಳುವುದು ಕ್ರಮವಲ್ಲ. 1923 ಮತ್ತು 1974ರ ನೆರೆಗಳನ್ನು ಇನ್ನೂ ಮಾತಿನಲ್ಲಿ ಇಟ್ಟುಕೊಂಡ ಬಂಟ್ವಾಳದವರಿಗೆ, 2019ರ ಆಗಸ್ಟಿನಲ್ಲಿ ಚಾರ್ಮಾಡಿ, ದಿಡುಪೆ ಕಡೆ ಗುಡ್ಡವೇ ಇಳಿದು ಬಂದದ್ದನ್ನು ಕಂಡ ಬೆಳ್ತಂಗಡಿಯವರಿಗೆ, ಮಳೆಗಾಲದ ಕೊನೆಗೆ ಸಿಗುವ ವಿಪರೀತ ಅಗ್ಗದ ಗಾಡಿಯ ಸ್ಟೆಪ್ನಿ ಗುಂಡಿಯನ್ನೂ ಸೀಟಿನ ಕೆಳಗಿನ ಹಳಿಗಳನ್ನೂ ಬೆರಳಿನಿಂದ ಸವರಿ ನೋಡಿ ಎಂದು ಬೇರೆ ಹೇಳಬೇಕಿಲ್ಲ. ಬೆರಳಿಗೆ ಕೆಸರು ಹತ್ತಿದರೆ ಅದು ಪ್ರತ್ಯಕ್ಷವೇ.

ಉಳಿದದ್ದು ಅನುಪಲಬ್ಧಿ, ಅಂದರೆ ಇಲ್ಲದ್ದನ್ನು ಇಲ್ಲವೆಂದು ತಿಳಿಯುವುದು. ಕಾಗದದಲ್ಲಿ ಇಲ್ಲದ ಮಾತು ಇಲ್ಲ. "ಅದೆಲ್ಲ ಆಮೇಲೆ ಮಾಡಿಕೊಡುವ" ಎಂಬಲ್ಲಿ ಆಮೇಲೆ ಎಂಬ ತಾರೀಖು ಪಂಚಾಂಗದಲ್ಲಿಲ್ಲ. ಟೋಕನ್ ಅಡ್ವಾನ್ಸಿಗೆ ರಸೀದಿ ಇಲ್ಲದಿದ್ದರೆ ಅಡ್ವಾನ್ಸೂ ಇಲ್ಲ. ನೋಂದಣಿ ಸಂಖ್ಯೆಯ ಫಲಕ ಇಲ್ಲದ ಹೊಸ ಗಾಡಿಯನ್ನು ಡೀಲರ್ ಹಸ್ತಾಂತರಿಸಬಾರದೆಂದು ತಿದ್ದುಪಡಿಯಾದ ಮೋಟಾರು ವಾಹನ ಕಾಯ್ದೆಯೇ ಹೇಳುತ್ತದೆ. "ನಂಬರ್ ಬರುವಾಗ ಬರಲಿ, ನೀವು ಕೊಂಡೋಗಿ" ಎನ್ನುವ ಧಾರಾಳಿಯನ್ನು ಧಾರಾಳವಾಗಿ ಬಿಡಬಹುದು.

ನಿರ್ಣಯ ಹೀಗೆ: ಕೇಳುವ ಮೊದಲೇ ಸಾಲು ಸಾಲಾಗಿ ಬರೆದು ಸಹಿ ಹಾಕಿ ಕೊಡುವವನು ನಂಬಬಹುದಾದ ಡೀಲರ್, ಅವನ ಕಾಫಿ ತಣ್ಣಗಿದ್ದರೂ ಸರಿ. ಹೆಂಡತಿಯ ಅಣ್ಣನ ಷಡ್ಡಕನಿಗೆ ಗಾಡಿ ಬಂದ ಮೇಲೆ ಸ್ವೀಟು ಕೊಟ್ಟರೆ ಸಾಕು.

ಇಷ್ಟು ಪ್ರಮಾಣಗಳ ನಂತರವೂ ಮೋಸವಾದರೆ, ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯ ಸಂಖ್ಯೆ 1915. ಜಿಲ್ಲಾ ಗ್ರಾಹಕರ ಆಯೋಗ ಇರುವುದು ಮಂಗಳೂರಿನಲ್ಲಿ. ಎರಡು ವರ್ಷದೊಳಗೆ ದೂರು ಕೊಡಬೇಕು, ವಕೀಲರು ಕಡ್ಡಾಯವಲ್ಲ. ದೂರಿನ ಜೊತೆ ಬಿಲ್ಲಿನ ಪ್ರತಿ ಲಗತ್ತಿಸಿ.